ಪಿನ್‌ಕೋಡ್ ಇಲ್ಲದ ನಾಲ್ವರಿಗೆ

ಕ್ವಾಡ್ ಎಂಬ ಹೆಸರಿನ ನಾಲ್ಕೂ ಮಂದಿ ಯಜಮಾನರಿಗೆ, ಭೀಮಾ ದಂಡೆಯ ಘತ್ತರಗಿಯಿಂದ ಶರಣು.

ಈ ಪತ್ರ ಬಹಿರಂಗವಾಗಿದ್ದಕ್ಕೆ ನನ್ನ ಧೈರ್ಯ ಕಾರಣ ಅಂದುಕೊಳ್ಳಬೇಡಿ. ವಿಳಾಸ ಸಿಗಲಿಲ್ಲ, ಅಷ್ಟೇ. ಲಕೋಟೆ ಅಂಟಿಸಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಭಾರತ ಎಂದು ನಾಲ್ಕು ಹೆಸರು ಬರೆದೆ. ಮುಂದೆ ಪೆನ್ನು ಓಡಲಿಲ್ಲ. ನಿಮಗೊಂದು ಕಚೇರಿ ಇಲ್ಲ, ಕಾರ್ಯದರ್ಶಿ ಇಲ್ಲ, ಸಹಿ ಹಾಕಿದ ಕರಾರೂ ಇಲ್ಲ. ನಮ್ಮ ಕಡೆ ಹತ್ತು ಜನ ಹೆಣ್ಣುಮಕ್ಕಳು ಸೇರಿ ಕಟ್ಟಿಕೊಂಡ ಉಳಿತಾಯ ಸಂಘಕ್ಕೂ ಒಂದು ಠರಾವು ಪುಸ್ತಕ, ಒಂದು ರಬ್ಬರ್ ಸ್ಟಾಂಪು ಇರುತ್ತದೆ. ಅಂಚೆಯವರು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ, "ಇವ್ರು ಎಲ್ಲಿ ಕೂಡ್ತಾರ್ರಿ?" ಎಂದು ಕೇಳಿದರು. "ಒಮ್ಮೆ ಟೋಕಿಯೊ, ಒಮ್ಮೆ ವಾಷಿಂಗ್ಟನ್. ಪುರುಸೊತ್ತು ಸಿಕ್ಕಾಗ" ಎಂದೆ. "ಹಂಗಾರ ಗುಡಿ ಕಟ್ಟಿ ಮ್ಯಾಲ ಕೂಡೋ ಮಂದಿ ಅನ್ರಿ. ಕಟ್ಟಿಗೆ ಯಾರು ಟಪಾಲ್ ಹಾಕ್ತಾರ?" ಎಂದು ವಾಪಸು ಕೊಟ್ಟರು.

ಸಮುದ್ರದ ಮಾತಾಡಲು ಘತ್ತರಗಿಯವನಿಗೆ ಏನು ಹಕ್ಕು ಎಂದು ಕೇಳಬೇಡಿ. ಹಿಂದೂ ಮಹಾಸಾಗರದ ಹಡಗುಗಳ ಮೇಲೆ ಕಣ್ಣಿಡುವ ಭಾರತದ ಮಾಹಿತಿ ಕೇಂದ್ರವನ್ನು 2018ರ ಡಿಸೆಂಬರ್‌ನಲ್ಲಿ ತೆರೆದದ್ದು ಗುರುಗ್ರಾಮದಲ್ಲಿ. ಅಲ್ಲಿಂದ ಸಮುದ್ರ ಎಷ್ಟು ದೂರ, ನಕಾಶೆ ತೆಗೆದು ನೋಡಿ. ನಮ್ಮದು ಎಷ್ಟೋ ವಾಸಿ. ನಮ್ಮ ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಪಡುವಣ ಸಮುದ್ರ ಗುಡ್ಡದ ಆಚೆ ಮಗ್ಗುಲಲ್ಲೇ ಇದ್ದರೂ ಅದಕ್ಕೆ ಬೆನ್ನು ಹಾಕಿ, 861 ಕಿಲೋಮೀಟರು ನಡೆದು, ರಾಯಚೂರಿನ ಕಡೆ ಕೃಷ್ಣೆಯ ಕೈ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಸಂಗಮದ ಮಾತಿಗೆ ಬಂದರೆ, 2007ರ ಆಗಸ್ಟ್ 22ರಂದು ಜಪಾನಿನ ಪ್ರಧಾನಿ ಶಿಂಜೊ ಅಬೆ ನಮ್ಮ ಸಂಸತ್ತಿನಲ್ಲಿ ನಿಂತು 'ಎರಡು ಸಾಗರಗಳ ಸಂಗಮ'ದ ಬಗ್ಗೆ ಮಾತಾಡಿದರು. ಆ ಹೆಸರನ್ನು ಅವರು ಎತ್ತಿಕೊಂಡದ್ದು ಮೊಗಲರ ದಾರಾ ಶಿಕೋನ ಪುಸ್ತಕದಿಂದ. ದಾರಾನ ತಲೆಯಲ್ಲಿದ್ದದ್ದು ಸೂಫಿ ಮತ್ತು ವೇದಾಂತದ ಕೂಡಲಿ; ಅಬೆಯವರ ತಲೆಯಲ್ಲಿದ್ದದ್ದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್. ನಮ್ಮ ಮಂದಿಗೆ ಸಂಗಮ ಅಂದರೆ ಗಾಣಗಾಪುರ. ಆಳಂದದ ಕಡೆಯಿಂದ ಬರುವ ಅಮರ್ಜಾ ಅಲ್ಲಿ ಭೀಮೆಗೆ ಕೂಡುತ್ತದೆ. ಮುಳುಗಿ ಏಳಲು ಜಂಟಿ ಹೇಳಿಕೆ ಬೇಕಾಗಿಲ್ಲ.

ಇನ್ನೂ ಹಳೆಯ ಕಾಗದ ಬೇಕೆಂದರೆ, ಜೇವರ್ಗಿಯ ದಾರಿಯಲ್ಲಿ ಇದೇ ಹೊಳೆಯ ದಂಡೆಗೆ ಫಿರೋಜಾಬಾದಿನ ಪಾಳು ಗೋಡೆಗಳಿವೆ. ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಕಟ್ಟಿಸಿದ ಊರು ಅದು. ಅವನು ಪ್ರತಿ ವರ್ಷ ಗೋವಾ, ಚೌಲ್ ಬಂದರುಗಳಿಂದ ಹಡಗು ಬಿಟ್ಟು ದೇಶದೇಶದ ಸರಕನ್ನೂ ಪಂಡಿತರನ್ನೂ ತರಿಸಿಕೊಳ್ಳುತ್ತಿದ್ದನೆಂದು ಫರಿಶ್ತಾ ಬರೆದಿದ್ದಾನೆ. 'ಮುಕ್ತ, ತೆರೆದ ಇಂಡೋ–ಪೆಸಿಫಿಕ್' ಎಂದು ನೀವು ಪ್ರತಿ ಸಭೆಯಲ್ಲೂ ಜಪಿಸುವುದನ್ನು ಭೀಮಾ ದಂಡೆಯಲ್ಲಿ ಕೂತವನೊಬ್ಬ ಯಾರ ಮುಂದೆಯೂ ಜಪಿಸದೆ ಮಾಡಿ ಮುಗಿಸಿದ್ದ.

ಈಗ ನಿಮ್ಮ ಜಾತಕ. 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ತಮಿಳುನಾಡಿನ ಕರಾವಳಿಯಲ್ಲಿ, ಅಂಡಮಾನ್–ನಿಕೋಬಾರಿನಲ್ಲಿ ಹೆಣಗಳಿನ್ನೂ ಸಿಗುತ್ತಿದ್ದಾಗಲೇ ಭಾರತ ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಕ್ಕೆ ಹಡಗು ಕಳಿಸಿತು. ನೀವು ನಾಲ್ವರೂ ಕೂಡಿ, ಯಾರ ಹಡಗು ಎತ್ತ, ಯಾರ ವಿಮಾನ ಎತ್ತ ಎಂದು ಹಂಚಿಕೊಂಡು ಓಡಾಡಿದಿರಿ. ಜನವರಿ ಮೊದಲ ವಾರ ಕೆಲಸವನ್ನು ವಿಶ್ವಸಂಸ್ಥೆಗೆ ಒಪ್ಪಿಸಿ, ಕೈ ತೊಳೆದುಕೊಂಡು ನಿಮ್ಮ ನಿಮ್ಮ ಮನೆಗೆ ಹೋದಿರಿ. ಆಗ ನಿಮಗೆ ಹೆಸರು ಕೂಡ ಇರಲಿಲ್ಲ. ನಿಮ್ಮ ಇಡೀ ಬಾಳಿನಲ್ಲಿ ನನಗೆ ಮನಸಾರೆ ಹಿಡಿಸಿದ್ದು ಆ ಕೆಲವು ದಿನ.

ಹೆಸರು ಬಂದ ಮೇಲಿನದು ಬೀಗರ ಕಥೆ. 2007ರ ಮೇ ತಿಂಗಳು ಮನಿಲಾದಲ್ಲಿ ಮೊದಲ ಮಾತುಕತೆ. ಸೆಪ್ಟೆಂಬರ್‌ನಲ್ಲಿ ಸಿಂಗಪುರವನ್ನೂ ಕರೆದುಕೊಂಡು ಬಂಗಾಳ ಕೊಲ್ಲಿಯಲ್ಲಿ ನೌಕಾಭ್ಯಾಸ. (ಅದರ ಹೆಸರು ಮಲಬಾರ್. ಬಂಗಾಳ ಕೊಲ್ಲಿಯಲ್ಲಿ ಮಲಬಾರ್ ಹೇಗೆ ಬಂತೆಂದು ಕೇಳಿದರೆ ಚರ್ಚೆ ದೊಡ್ಡದಾಗುತ್ತದೆ.) ಚೀನಾ ಮುಖ ಗಂಟು ಹಾಕಿತು. 2008ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ವಿದೇಶಾಂಗ ಸಚಿವರು ಚೀನಾದ ವಿದೇಶಾಂಗ ಸಚಿವರನ್ನು ಪಕ್ಕದಲ್ಲೇ ಇಟ್ಟುಕೊಂಡು, ಇನ್ನು ಅಂಥ ಮಾತುಕತೆಗೆ ನಾವಿಲ್ಲ ಎಂದರು. ಹಂದರದಾಗ ಕೂತು, ಎದುರು ಪಾರ್ಟಿಯವನ ಹೆಗಲಿಗೆ ಕೈ ಹಾಕಿ, "ನಾ ಉಣ್ಣಂಗಿಲ್ಲ" ಅಂದ ಹಾಗೆ. ಕರಾರಿಲ್ಲದ ನಂಟಿನ ಅನುಕೂಲ ನೋಡಿ: ಬಿಡುಗಡೆ ಪತ್ರವೂ ಬೇಕಾಗಲಿಲ್ಲ. 2017ರ ನವೆಂಬರ್‌ನಲ್ಲಿ ಅದೇ ಮನಿಲಾದಲ್ಲಿ ಮತ್ತೆ ಎಲೆ ಹಾಕಿದಿರಿ. ಏನೂ ಆಗಿಲ್ಲವೆಂಬಂತೆ ಆಸ್ಟ್ರೇಲಿಯಾದವರೂ ಬಂದು ಕೂತರು.

2018ರಲ್ಲಿ ಚೀನಾದ ವಾಂಗ್ ಯಿ ನಿಮ್ಮನ್ನು ಸಮುದ್ರದ ನೊರೆಗೆ ಹೋಲಿಸಿದರು: ಒಂದಿಷ್ಟು ಹೊತ್ತು ಕಾಣುತ್ತದೆ, ಆಮೇಲೆ ಇರುವುದಿಲ್ಲ ಎಂದು. ನಿಮಗೆ ಬೇಜಾರಾಗಿರಬಹುದು. ಅವರು ಹೊಳೆಯ ದಂಡೆಯಲ್ಲಿ ಬೆಳೆದವರಲ್ಲವೆಂದು ಕಾಣುತ್ತದೆ. ಭೀಮೆಯಲ್ಲಿ ನೊರೆ, ಕಸಕಡ್ಡಿ ತೇಲಿ ಬಂದರೆ ನಮ್ಮ ಹಿರಿಯರು ನೊರೆ ಹೋಗುವುದನ್ನು ಕಾಯುತ್ತ ಕೂಡುವುದಿಲ್ಲ. ಎಮ್ಮೆ ಬಿಚ್ಚುತ್ತಾರೆ.

2021ರ ಮಾರ್ಚ್‌ನಲ್ಲಿ ನಾಯಕರೇ ವಿಡಿಯೊದಲ್ಲಿ ಕೂತು, ಹೈದರಾಬಾದಿನ ಬಯಲಾಜಿಕಲ್ ಇ ಕಂಪನಿಯಲ್ಲಿ 2022ರ ಕೊನೆಯೊಳಗೆ ನೂರು ಕೋಟಿ ಡೋಸ್ ಲಸಿಕೆ ತಯಾರಿಸುವ ಮಾತು ಕೊಟ್ಟಿರಿ. ಹೈದರಾಬಾದ್ ನಮ್ಮ ಹಳೆಯ ರಾಜಧಾನಿ, ಹೆಮ್ಮೆ ಆಯಿತು. ಮುಂದಿನ ತಿಂಗಳು ಎರಡನೇ ಅಲೆ ಬಂತು. ಆ ನೂರು ಕೋಟಿ ಲೆಕ್ಕ ಕೂಡಲೇ ಇಲ್ಲ. ಇರಲಿ, ಯಾರ ಮನೆಯಲ್ಲಿ ತಾನೇ ಎಲ್ಲ ಮಾತು ನಡೆಯುತ್ತದೆ?

ನಿಮ್ಮದು ಬಾಯಿಮಾತಿನ ವ್ಯವಹಾರ ಎಂದು ನಾನು ನಗುವ ಹಾಗೂ ಇಲ್ಲ, ಯಾಕೆಂದರೆ ನಮ್ಮದು ಪಕ್ಕಾ ಕಾಗದದ ವ್ಯವಹಾರ. 1969ರಲ್ಲಿ ನೀರು ಹಂಚಲು ಬಚಾವತ್ ನ್ಯಾಯಮಂಡಳಿ ಕೂತಿತು, 1973ರಲ್ಲಿ ತೀರ್ಪು, 1976ರಲ್ಲಿ ಅಂತಿಮ ತೀರ್ಪು. ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕಕ್ಕೆ 15 ಟಿಎಂಸಿ. ನಮ್ಮ ಕಡೆ ಎಲ್ಲ ಭಾಷಣದಲ್ಲೂ ಈ ಹದಿನೈದು ಬರುತ್ತದೆ, ನಮ್ಮ ಪಾಲು, ನಮ್ಮ ಹಕ್ಕು ಎಂದು. ತೀರ್ಪಿನ ಮಾತು ನೋಡಿದರೆ ಅದು 'ಇದಕ್ಕಿಂತ ಹೆಚ್ಚು ಬಳಸತಕ್ಕದ್ದಲ್ಲ' ಎಂಬ ಧಾಟಿಯಲ್ಲಿದೆ. ಹೆಚ್ಚು ಉಣ್ಣಬೇಡ ಎಂದು ಬರೆದಿದೆ. ಎಲೆಗೆ ಯಾರು ಯಾವಾಗ ಬಡಿಸಬೇಕೆಂಬುದು ಬೇಸಿಗೆಗೆ ಬಿಟ್ಟ ವಿಷಯ. ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ 117 ಟಿಎಂಸಿ ಹಿಡಿಯುವ ಅಣೆಕಟ್ಟು ಕೂತಿದೆ. ಏಪ್ರಿಲ್, ಮೇ ತಿಂಗಳಲ್ಲಿ ಸೊನ್ನದ ಬ್ಯಾರೇಜಿನ ಕೆಳಗೆ ಬಂಡೆ ಕಾಣುತ್ತದೆ, ಆಗ ಬೆಂಗಳೂರು ಮುಂಬೈಗೆ ಪತ್ರ ಬರೆಯುತ್ತದೆ. ಮಳೆಗಾಲದಲ್ಲಿ ಪತ್ರ ಬರೆಯಬೇಕಾಗಿಲ್ಲ, ಲಕ್ಷಗಟ್ಟಲೆ ಕ್ಯೂಸೆಕ್ ತಾನಾಗಿ ಬರುತ್ತದೆ.

2020ರ ಅಕ್ಟೋಬರ್‌ನಲ್ಲಿ ಬಂದಿತ್ತು. ಆ ರಾತ್ರಿ ನನ್ನ ಫೋನು ಹೊಡೆದುಕೊಂಡಾಗ ಎಷ್ಟು ಹೊತ್ತಾಗಿತ್ತೋ, ನಾಯಿಗಳು ಕೂಡ ಮಲಗಿದ್ದವು. ಪಂಢರಪುರದ ಕಡೆ ಕೊಟ್ಟ ನನ್ನ ಚಿಕ್ಕಪ್ಪನ ಮಗಳು. ಅರ್ಧ ಮರಾಠಿ, ಅರ್ಧ ಕನ್ನಡ. "ದಾದಾ, ಮಕ್ಕೊಂಡಿಯೇನು? ಉಜನಿ ಬಿಟ್ಟಾರ. ಇಲ್ಲಿ ಘಾಟ್ ಕಾಣವಲ್ದು. ಎಮ್ಮಿ ಬಿಚ್ಚು ಮೊದಲ." ಹಿಂದೆ ಅವಳ ಅತ್ತೆ ಏನೋ ಕೂಗುತ್ತಿದ್ದಳು, ಯಾರೋ ಡಬ್ಬ ಎಳೆಯುವ ಸದ್ದು. ಅವಳ ಮನೆಯೊಳಗೇ ನೀರು ಬಂದಿತ್ತೆಂದು ನನಗೆ ಗೊತ್ತಾದದ್ದು ಎರಡು ದಿನದ ಮೇಲೆ. ನಾನು ಗಾಣಗಾಪುರದ ಷಡ್ಡಕನಿಗೆ ಹೇಳಿದೆ, ಅವನು ಜೇವರ್ಗಿ ಕಡೆಯ ತನ್ನ ಬೀಗರಿಗೆ. ನೀರು ಬಂದು ಘತ್ತರಗಿ ಸೇತುವೆ ಮುಚ್ಚುವ ಹೊತ್ತಿಗೆ ನಮ್ಮ ಎಮ್ಮೆಗಳು ಏರಿಯ ಮೇಲೆ ಮೆಲುಕು ಹಾಕುತ್ತಿದ್ದವು. ಎರಡು ರಾಜ್ಯಗಳ ನಡುವಿನ ಈ ವ್ಯವಸ್ಥೆಗೂ ಸಹಿ ಇಲ್ಲ, ಕಚೇರಿ ಇಲ್ಲ. ಅದರ ಕಾರ್ಯದರ್ಶಿ ಮೊಳಕಾಲು ನೀರಿನಲ್ಲಿ ನಿಂತು ಫೋನ್ ಮಾಡಿದ್ದಳು.

ನೀವೂ 2022ರ ಮೇ ತಿಂಗಳು ಟೋಕಿಯೊದಲ್ಲಿ ಇಂಥದೇ ಒಂದನ್ನು ಹೊರಡಿಸಿದಿರಿ. ಗುರುತು ಹೇಳುವ ಯಂತ್ರ ಆರಿಸಿಕೊಂಡು ಓಡಾಡುವ ಕಳ್ಳ ಹಡಗುಗಳನ್ನು ಉಪಗ್ರಹದಿಂದ ಪತ್ತೆಹಚ್ಚಿ, ಸಣ್ಣಪುಟ್ಟ ದ್ವೀಪದೇಶಗಳಿಗೂ ತಿಳಿಸುವುದು. ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಸಮುದ್ರ ನಂಬಿದ ಬಡ ಮೀನುಗಾರನಿಗೆ ಅದು ನನ್ನ ತಂಗಿಯ ಫೋನಿದ್ದ ಹಾಗೆ. ನನ್ನ ಅನುಮಾನ ಒಂದೇ: ನಿಮ್ಮ ನಾಲ್ವರಲ್ಲಿ ತನ್ನ ಮನೆಗೆ ನೀರು ನುಗ್ಗಿದಾಗಲೂ ಇನ್ನೊಬ್ಬನಿಗೆ ಫೋನ್ ಹಚ್ಚುವವರು ಯಾರು?

ಯಾಕೆ ಕೇಳುತ್ತೇನೆಂದರೆ, 2025ರಲ್ಲಿ ನೀವು ಭಾರತಕ್ಕೆ ಬಂದು ಕೂಡಬೇಕಿತ್ತು. ನಿಮ್ಮಲ್ಲಿ ದೊಡ್ಡವರು ಅದೇ ವರ್ಷದ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಶೇಕಡಾ 50 ಸುಂಕ ಹೇರಿದರು. ಆ ವರ್ಷ ಸಭೆ ಆಗಲಿಲ್ಲ. ಜವಳಿ ಗಿರಣಿಗಳು ಸಾಯುತ್ತಿವೆಯೆಂದು ದೆಹಲಿ ಹೊರಗಿನ ಹತ್ತಿಯ ಮೇಲಿದ್ದ ಶೇಕಡಾ 11 ಆಮದು ಸುಂಕವನ್ನು ಡಿಸೆಂಬರ್ ಕೊನೆತನಕ ತೆಗೆಯಿತು. ಅಫಜಲಪುರ, ಜೇವರ್ಗಿಯ ಎರಿ ಹೊಲದಲ್ಲಿ ಹತ್ತಿ ಬಿಡಿಸುವುದು ಸರಿಯಾಗಿ ಅದೇ ಹೊತ್ತಿಗೆ. ವಾಷಿಂಗ್ಟನ್ನಿನಲ್ಲಿ ಸೀನಿದರೆ ನೆಗಡಿ ಜೇವರ್ಗಿಗೆ. ಅದಕ್ಕೂ ಮೊದಲು, 2024ರ ಮೇ ತಿಂಗಳಲ್ಲಿ ಕಡಲೆಯ ಆಮದು ಸುಂಕ ಎತ್ತಿದಾಗ ಆಸ್ಟ್ರೇಲಿಯಾದ ರೈತರು ಖುಷಿಯಿಂದ ಕಡಲೆ ಬಿತ್ತಿದರು. ನಾವೂ ಹಿಂಗಾರಿಗೆ ಕಡಲೆಯನ್ನೇ ಬಿತ್ತುವವರು, ಅದು ಅವರಿಗೆ ಗೊತ್ತಿರಲಿಕ್ಕಿಲ್ಲ. ತೊಗರಿಯ ಕಥೆ ಬೇಡ. ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಪಟ್ಟ ಇದೆ. ಜೊತೆಗೆ ಮೊಜಾಂಬಿಕ್, ಮ್ಯಾನ್ಮಾರ್ ತೊಗರಿಗೆ 2021ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. 'ಮುಕ್ತ, ತೆರೆದ' ಎಂಬುದನ್ನು ನಮ್ಮಷ್ಟು ಮನಸ್ಸಿಗೆ ಹಚ್ಚಿಕೊಂಡವರು ಟೋಕಿಯೊದಲ್ಲೂ ಇರಲಾರರು. ಇವೆಲ್ಲ ವ್ಯಾಪಾರದ ಖಾತೆ, ಕ್ವಾಡ್ ಖಾತೆ ಬೇರೆ ಎನ್ನುತ್ತೀರಿ. ನಮ್ಮ ಅಡತಿ ಅಂಗಡಿಯವರೂ ಹೀಗೇ ಹೇಳುತ್ತಾರೆ: ಸ್ನೇಹ ಬ್ಯಾರೆ, ತೂಕ ಬ್ಯಾರೆ.

ಸಭೆಗೆ ಜಾಗದ ತೊಂದರೆ ಇದ್ದರೆ ಘತ್ತರಗಿಗೆ ಬನ್ನಿ. ಅಮಾವಾಸ್ಯೆ ದಿನ ಭಾಗ್ಯವಂತಿಯ ಗುಡಿಯ ಮುಂದೆ ಕನ್ನಡ, ಮರಾಠಿ, ತೆಲುಗು ಮಾತಾಡುವವರೆಲ್ಲ ಒಂದೇ ಸಾಲಿನಲ್ಲಿ ಕಾಯಿ ಹಿಡಿದು ನಿಂತಿರುತ್ತಾರೆ. ಅಂದು ಉಜನಿಯ ಮಾತು ಯಾರೂ ಎತ್ತುವುದಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿಸುತ್ತೇನೆ. ಬೇಳೆ ನಮ್ಮದೋ ಮೊಜಾಂಬಿಕ್‌ದೋ ಅಂಗಡಿಯವನನ್ನು ಕೇಳಬೇಕು. ಜಂಟಿ ಹೇಳಿಕೆ ಓದಲು ಕಟ್ಟೆ ಇದೆ, ಮೈಕು ಗುಡಿಯವರದೇ ಇದೆ.

ಹೊರಡುವ ಮುಂಚೆ ಒಂದು ಫೋನ್ ಮಾಡಿ, ಸೇತುವೆ ಮೇಲೆ ನೀರಿದ್ದರೆ ಹೇಳುತ್ತೇನೆ. ಎಷ್ಟು ಹೊತ್ತಿಗೆ ಮಾಡಿದರೂ ಎತ್ತುತ್ತೇನೆ. ನಿಮ್ಮದೂ ಒಂದು ನಂಬರ್ ಕಳಿಸಿಡಿ. ನಾಲ್ವರಲ್ಲಿ ಯಾರದಾದರೂ ನಡೆದೀತು, ರಾತ್ರಿ ಎತ್ತುವವರದು ಇರಲಿ.

ಇಂತಿ,
ಭೀಮಾ ದಂಡೆಯವ