ಮುಂದಿನ ಚಕ್ರದ ವಿಷಯ

ಬೈಕಿನ ಮುಂದಿನ ಚಕ್ರ ಎತ್ತುವುದು ಕೈಯ ಕೆಲಸವೆಂದು ಲೋಕ ನಂಬಿಕೊಂಡಿದೆ. ಅದು ಬಲಗಾಲಿನ ಕೆಲಸ. "ಚಿಕ್ಕಪ್ಪ, ಎತ್ತೋದನ್ನ ಯಾರ್ ಬೇಕಾದ್ರೂ ಎತ್ತುತ್ತಾರೆ, ಇಳ್ಸೋದನ್ನ ಮೊದ್ಲು ಕಲೀರಿ" ಅಂತಲೇ ಅಣ್ಣನ ಮಗ ಪಾಠ ಶುರುಮಾಡಿದ. ಹಿಂದಿನ ಬ್ರೇಕಿನ ಪೆಡಲ್ ಮೇಲೆ ಬಲಗಾಲಿನ ಬೆರಳು ಸದಾ ಕೂತಿರಬೇಕು. ಚಕ್ರ ಕೈಮೀರಿ ಮೇಲಕ್ಕೆ ಹೊರಟಿತು ಅನ್ನಿಸಿದ ಕೂಡಲೇ ಅದನ್ನು ಒತ್ತಬೇಕು. ಹಿಂದಿನ ಚಕ್ರ ತಡೆಯುತ್ತದೆ, ಅದರ ಮೇಲಿರುವ ಯಂತ್ರವೂ ಮನುಷ್ಯನೂ ಮುಂದಕ್ಕೆ ಧಾವಿಸುತ್ತಾರೆ, ಮೂತಿ ತಾನಾಗಿ ನೆಲಕ್ಕೆ ಬರುತ್ತದೆ. ಇಷ್ಟನ್ನು ಕಾಲಿಗೆ ಮನವರಿಕೆ ಮಾಡಿಕೊಡಲು ಅವನು ನನ್ನಿಂದ ಒಂದಿಡೀ ಸಂಜೆ ಎರಡೂ ಚಕ್ರ ನೆಲದ ಮೇಲಿಟ್ಟುಕೊಂಡೇ ಗದ್ದೆ ಸುತ್ತಿಸಿದ. ವೀಲಿಂಗ್ ನೋಡಲೆಂದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದವರು ಬೇಜಾರಾಗಿ ಎದ್ದುಹೋದರು.

ನಾನು ವಿಮಾ ಏಜೆಂಟ. ಮೂಡಿಗೆರೆ ಸುತ್ತಿನ ಊರುಗಳಲ್ಲಿ ಜನ ಎಲ್ಲೆಲ್ಲಿ ಬೀಳಬಹುದು, ಎಲ್ಲಿ ಕೊಚ್ಚಿಹೋಗಬಹುದು, ಯಾವ ಮರ ಯಾರ ಮೇಲೆ ಉರುಳಬಹುದು ಎಂದು ಮುಂಚಿತವಾಗಿ ಊಹಿಸಿ, ಅವರ ಜಗಲಿಯಲ್ಲೇ ಕೂತು, ಅವರದೇ ಕಾಫಿ ಕುಡಿಯುತ್ತ, ಅವರಿಗೇ ವರ್ಣಿಸಿ ಹೇಳುವುದು ನನ್ನ ಹೊಟ್ಟೆಪಾಡು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಕಂಡರೆ ಬೇರೆಯವರಿಗೆ ಮೆಣಸಿನ ರೇಟು ನೆನಪಾಗುತ್ತದೆ. ನನಗೆ ಅಪಘಾತ ಪರಿಹಾರದ ಕೋಷ್ಟಕ ನೆನಪಾಗುತ್ತದೆ: ಒಂದು ಕೈಗೋ ಕಣ್ಣಿಗೋ ವಿಮೆ ಮೊತ್ತದ ಅರ್ಧ, ಜೋಡಿ ಹೋದರೆ ಪೂರ್ತಿ. ಇಂಥವನು ಐವತ್ತು ದಾಟಿದ ಮೇಲೆ ಮಂಡಿಗೆ ಗಾರ್ಡು, ಮೊಣಕೈಗೆ ಗಾರ್ಡು, ತಲೆಗೆ ಗದ್ದದವರೆಗೂ ಬರುವ ಹೆಲ್ಮೆಟ್ಟು ಕಟ್ಟಿಕೊಂಡು ಗದ್ದೆಗೆ ಇಳಿದದ್ದು ನಮ್ಮ ಕಡೆ ಸಣ್ಣ ಸುದ್ದಿಯಲ್ಲ. ಮನೆಯಾಕೆ ತಡೆಯಲಿಲ್ಲ. "ನಿಮ್ಮ ಪಾಲಿಸಿ ಕಾಗದ ಯಾವ ಬೀರುವಿನಲ್ಲಿದೆ ಅಂತ ಹೇಳಿ ಹೋಗಿ" ಎಂದಷ್ಟೇ ಅಂದಳು. ಮೂವತ್ತು ಊರಿಗೆ ನಾನು ಹೇಳಿಕೊಟ್ಟ ಮಾತು ಅದು.

ಈ ಆಸೆ ಹಳೆಯದು. ಯಮಹಾ ಆರ್‌ಎಕ್ಸ್ 100 ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ. ನಾನು ಕಾಲೇಜು ಸೇರುವ ಹೊತ್ತಿಗೆ ಅದು ಸಾಕಷ್ಟು ತೋಟದ ಮನೆಗಳ ಕೊಟ್ಟಿಗೆ ತಲುಪಿತ್ತು. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಮೈಯಲ್ಲಿ ಮಾಂಸವೇ ಇಲ್ಲದ ಹಗುರ ಗಾಡಿ. ಸಾಹುಕಾರರ ಮಕ್ಕಳು ಬಸ್‌ಸ್ಟ್ಯಾಂಡಿನ ಮುಂದೆ ಬಂದು ಕ್ಲಚ್ ಹಿಡಿದು, ಆಕ್ಸಿಲರೇಟರ್ ತಿರುವಿ, ಕ್ಲಚ್ ಬಿಟ್ಟರೆಂದರೆ ಮುಂದಿನ ಚಕ್ರ ಎದೆಮಟ್ಟಕ್ಕೆ. ಹುಡುಗಿಯರು ನೋಡದ ಹಾಗೆ ನೋಡುತ್ತಿದ್ದರು, ನಾನು ನೋಡುವ ಹಾಗೇ ನೋಡುತ್ತಿದ್ದೆ. ನನ್ನ ಬಳಿ ಇದ್ದದ್ದು ಮೊಪೆಡ್ಡು. ಅದರ ಮುಂದಿನ ಚಕ್ರವೂ ಏಳುತ್ತಿತ್ತು, ಹಿಂದೆ ಎರಡು ಮೂಟೆ ಭತ್ತ ಹೇರಿದಾಗ. ಮಿಲ್ಲಿನ ಏರಿನಲ್ಲಿ ಅದು ಮೂತಿ ಎತ್ತಿದರೆ ಹಿಂದಿನಿಂದ ಬರುವವರು ಅದನ್ನು ಸಾಹಸವೆಂದು ಕರೆಯುತ್ತಿರಲಿಲ್ಲ, ಮೂಟೆ ಹಿಡಿಯಲು ಓಡಿಬರುತ್ತಿದ್ದರು.

ಆರ್‌ಎಕ್ಸ್ 100 ತಯಾರಿ 1996ಕ್ಕೆ ನಿಂತಿತು. ಅದರ ಚಾಳಿ ನಿಲ್ಲಲಿಲ್ಲ. ಈಗ ಬೆಂಗಳೂರಿನ ಫ್ಲೈಓವರ್‌ಗಳ ಮೇಲೆ, ಹೆದ್ದಾರಿಗಳಲ್ಲಿ ಸ್ಕೂಟರನ್ನೂ ಬಿಡದೆ ಎತ್ತುತ್ತಾರೆ. ಪತ್ರಿಕೆಯವರು ಇವರಿಗೆ 'ವೀಲಿಂಗ್ ಪುಂಡರು' ಎಂದು ಹೆಸರಿಟ್ಟಾಗಿದೆ, ಪೊಲೀಸರು ಹಿಡಿದು ಗಾಡಿ ಕಿತ್ತುಕೊಳ್ಳುತ್ತಿದ್ದಾರೆ. ಎಲ್ಲ ಸರಿಯೇ. ಎದುರಿನಿಂದ ಬರುವ ಸೊಪ್ಪಿನ ಗಾಡಿಯವನು ಇವರ ಸಾಹಸಕ್ಕೆ ಪ್ರೀಮಿಯಂ ಕಟ್ಟಬೇಕೆಂಬುದು ಯಾವ ನ್ಯಾಯ? ನನ್ನ ವೃತ್ತಿಯಲ್ಲಿ ಆ ಎದುರಿನವನ ಮನೆಗೂ ಹೋಗಿ ಕೂರಬೇಕಾಗುತ್ತದೆ. ಹಾಗಾಗಿ ನನ್ನ ಮೊದಲ ಷರತ್ತು ರಸ್ತೆ ಬೇಡ ಎಂಬುದಾಗಿತ್ತು. ಎರಡನೆಯದು, ಬೀಳುವ ಎತ್ತರ ಕಡಿಮೆ ಇರಬೇಕು.

ಎರಡನೆಯ ಷರತ್ತಿಗೆ ಅಣ್ಣನ ಮಗ ತಂದು ನಿಲ್ಲಿಸಿದ್ದು ಅವನ ಮಗನ ಬೈಕು. ಕವಾಸಕಿ ಕೆಎಲ್‌ಎಕ್ಸ್ 110. ಹಸಿರು ಬಣ್ಣ, 112 ಸಿಸಿ, ತೂಕ 76 ಕಿಲೋ, ಸೀಟಿನ ಎತ್ತರ 68 ಸೆಂಟಿಮೀಟರ್. ದೊಡ್ಡ ಆಫ್‌ರೋಡ್ ಬೈಕುಗಳಿಗೆ ಹೋಗುವ ಮುಂಚೆ ಮಕ್ಕಳು ಕೈ ಪಳಗಿಸಿಕೊಳ್ಳಲೆಂದು ಮಾಡಿದ ಗಾಡಿ. ದೀಪವಿಲ್ಲ, ಹಾರನ್ ಇಲ್ಲ, ನಂಬರ್ ಪ್ಲೇಟೂ ಇಲ್ಲ, ಯಾಕೆಂದರೆ ಇದನ್ನು ರಸ್ತೆಗೆ ನೋಂದಾಯಿಸಲು ಬರುವುದಿಲ್ಲ. ಬೆಲೆ ಕೇಳಿದಾಗ ಮೂರು ಲಕ್ಷದ ಆಸುಪಾಸು ಎಂದ. ದೀಪ ಹಾಕದೆ ಉಳಿಸಿದ ದುಡ್ಡು ಎಲ್ಲಿಗೆ ಹೋಯಿತೋ. ನಾನು ಅದರ ಮೇಲೆ ಕೂತಾಗ ಅಂಗನವಾಡಿ ಉದ್ಘಾಟನೆಗೆ ಬಂದು ಮಕ್ಕಳ ಕುರ್ಚಿಯಲ್ಲಿ ಕೂತ ಶಾಸಕರ ಹಾಗೆ ಕಾಣುತ್ತಿದ್ದೆನಂತೆ. ಫೋಟೋ ತೆಗೆದ ಹುಡುಗ ಹೇಳಿದ್ದು. ಮಂಡಿ ಹ್ಯಾಂಡಲಿಗೆ ತಾಗುತ್ತಿತ್ತು. ಆದರೆ ಎರಡೂ ಪಾದ ನೆಲದ ಮೇಲೆ ಪೂರ್ತಿಯಾಗಿ ಊರುತ್ತಿದ್ದವು, ನನಗೆ ಬೇಕಾಗಿದ್ದದ್ದೂ ಅಷ್ಟೇ.

ಜಾಗಕ್ಕೆ ಕೊರತೆಯಿರಲಿಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಮಲೆನಾಡಿನ ಗದ್ದೆ ಮಳೆಗಾಲದವರೆಗೆ ಸುಮ್ಮನೆ ಬಿದ್ದಿರುತ್ತದೆ. ನಮ್ಮ ಕಡೆ ಅಂಥ ಗದ್ದೆಗಳಲ್ಲಿ ಬೈಕು ಜೀಪುಗಳ ರೇಸು ನಡೆಸುವುದೂ ರೂಢಿಯೇ. ಮೈಕಿನಲ್ಲಿ ಒಬ್ಬ ಕಿರಿಚುತ್ತಿರುತ್ತಾನೆ, ಧೂಳಿನಲ್ಲಿ ಯಾರು ಗೆದ್ದರೆಂದು ಗೆದ್ದವನಿಗೂ ಗೊತ್ತಾಗುವುದಿಲ್ಲ. ನಮಗೆ ಗದ್ದೆ ಕೊಟ್ಟದ್ದು ನನ್ನ ಹಳೆಯ ಪಾಲಿಸಿದಾರರಾದ ಗೌಡರು. ನೆಲ ಒಣಗಿ ಗಟ್ಟಿಯಾಗಿತ್ತು, ಕೂಳೆ ಮಾತ್ರ ಉಳಿದಿತ್ತು. ಗೌಡರು ಬದುವಿನ ಮೇಲೆ ನಿಂತು ನಾನು ತಿರುಗಿಸಿ ತಿರುಗಿಸಿ ಕಿತ್ತ ಮಣ್ಣನ್ನು ನೋಡಿ, "ಆ ಮೂಲೆ ಒಂದು ಬಿಟ್ಟೋಯ್ತು ನೋಡಿ ಮಾರಾಯ್ರೆ, ಅಲ್ಲೂ ಎರಡು ಸುತ್ತು ಹೊಡೀರಿ, ಟಿಲ್ಲರ್ ಬಾಡಿಗೆ ಉಳೀತದೆ" ಎಂದರು.

ಇನ್ನು ಎತ್ತುವ ವಿಷಯ. ಸಣ್ಣ ಎಂಜಿನ್ನು ಮುಂದಿನ ಚಕ್ರ ಎತ್ತಬೇಕಾದರೆ ಸವಾರನೂ ಒಂದಿಷ್ಟು ಕೈಜೋಡಿಸಬೇಕು. ನನ್ನ ಮೊಪೆಡ್ಡು ಕಲಿಸಿದ ಪಾಠವೇ ಇಲ್ಲೂ ಕೆಲಸಕ್ಕೆ ಬಂತು: ಭಾರ ಹಿಂದಿನ ಆಕ್ಸಲಿನ ಕಡೆಗೆ ಸರಿದಷ್ಟೂ ಮುಂಭಾಗ ಹಗುರಾಗುತ್ತದೆ. ಭತ್ತದ ಮೂಟೆ ಇದ್ದ ಜಾಗದಲ್ಲಿ ಈಗ ನಾನೇ ಕೂರಬೇಕು. ದೊಡ್ಡ ಬೈಕಿನಲ್ಲಿ ಕ್ಲಚ್ ಹಿಡಿದು ಎಂಜಿನ್ನನ್ನು ರೊಚ್ಚಿಗೆಬ್ಬಿಸಿ ಒಮ್ಮೆಲೇ ಬಿಡುತ್ತಾರೆ. ತಿರುಗುತ್ತಿರುವ ಫ್ಲೈವೀಲಿನಲ್ಲಿ ಕೂಡಿಟ್ಟ ರಭಸವೆಲ್ಲ ಒಂದೇ ಏಟಿಗೆ ಹಿಂದಿನ ಚಕ್ರಕ್ಕೆ ಸುರಿಯುತ್ತದೆ. ಈ ಮಕ್ಕಳ ಗಾಡಿಗೆ ಕ್ಲಚ್ ಲಿವರೇ ಇಲ್ಲ. ಎಂಜಿನ್ ವೇಗ ಹಿಡಿದಂತೆ ಕ್ಲಚ್ ತಾನೇ ಕಚ್ಚಿಕೊಳ್ಳುವ ಏರ್ಪಾಡು. ಹಾಗಾಗಿ ಉಳಿದ ದಾರಿ ಒಂದೇ. ಒಂದನೇ ಗೇರಿನಲ್ಲಿ ನಿಧಾನ ಹೋಗುತ್ತ ಹ್ಯಾಂಡಲಿನ ಮೇಲೆ ಮೈಭಾರ ಹಾಕಿ ಮುಂದಿನ ಫೋರ್ಕನ್ನು ಅದುಮಬೇಕು. ಅದು ಚಿಮ್ಮಿ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಹಿಂದಕ್ಕೆ ವಾಲಿ, ತೋಳು ನೀಟಾಗಿ ಚಾಚಿ, ಆಕ್ಸಿಲರೇಟರ್ ತಿರುವಬೇಕು. ಮೂರೂ ಒಟ್ಟಿಗೆ ಕೂಡಿಬಂದರೆ ಚಕ್ರ ಏಳುತ್ತದೆ. ಎರಡೇ ಕೂಡಿಬಂದರೆ ನೋಡುವವರಿಗೆ ಯಾರೋ ಚಲಿಸುವ ಬೈಕಿನ ಮೇಲೆ ದಂಡ ಹೊಡೆಯುತ್ತಿದ್ದಾರೆ ಅನ್ನಿಸುತ್ತದೆ. ನಾನು ತುಂಬ ದಂಡ ಹೊಡೆದೆ. ತೋಟದ ಕೆಲಸ ಮುಗಿಸಿ ಪಿಕಪ್ಪಿನಲ್ಲಿ ಹೋಗುತ್ತಿದ್ದ ಹೆಂಗಸರು ಗಾಡಿ ನಿಧಾನ ಮಾಡಿಸಿ, ಸೆರಗು ಬಾಯಿಗಿಟ್ಟುಕೊಂಡು ನೋಡಿಹೋಗುವುದು ದಿನಚರಿಯಾಯಿತು.

ಮೊದಲ ಸಲ ನಿಜವಾಗಿ ಎದ್ದಾಗ ನನಗೆ ಕಂಡದ್ದು ಆಕಾಶ ಮಾತ್ರ. ಗದ್ದೆ ಇಲ್ಲ, ಬದು ಇಲ್ಲ, ಗೌಡರಿಲ್ಲ. ನೆಟ್ಟಗೆ ನಿಂತಿದ್ದೇನೆ, ಇನ್ನೊಂದು ಕೂದಲೆಳೆ ಹೋದರೆ ಅಂಗಾತ, ಎಂದುಕೊಂಡು ಆಕ್ಸಿಲರೇಟರನ್ನು ಪಟ್ಟನೆ ಬಿಟ್ಟೆ. ದಡ್ ಎಂದು ಚಕ್ರ ಬಿತ್ತು, ಹಲ್ಲು ಹಲ್ಲಿಗೆ ಬಡಿಯಿತು. ಹುಡುಗ ಮೊಬೈಲಿನಲ್ಲಿ ಹಿಡಿದದ್ದನ್ನು ಹಾಕಿ ತೋರಿಸಿದ. ಅದರಲ್ಲಿ ಒಬ್ಬ ಹೆಲ್ಮೆಟ್ ಧಾರಿ ಮಕ್ಕಳ ಸೈಕಲ್ಲಿನಷ್ಟು ಗಾತ್ರದ ಬೈಕಿನ ಮೇಲೆ ಕೂತು ಬರುತ್ತಾನೆ, ಮುಂದಿನ ಟೈರಿನ ಕೆಳಗೆ ಒಂದು ಕೋಳಿಮರಿ ತಲೆ ತಗ್ಗಿಸಿ ದಾಟಬಹುದಾದಷ್ಟು ಸಂದು ಕಾಣಿಸುತ್ತದೆ, ಮುಗಿಯಿತು. ಭಯದ ಅಳತೆಗೋಲೇ ಬೇರೆ. ನನ್ನ ಪಾಲಿಸಿದಾರರಿಗೆ ನಾನು ಇಷ್ಟು ದಿನ ತೋರಿಸುತ್ತ ಬಂದದ್ದು ಅದೇ ಕೋಲು, ಅದರ ಗೀಟುಗಳನ್ನು ಬರೆದವನಿಗೇ ಅದು ಹೀಗೆ ಮೋಸಮಾಡಬಹುದೆಂದು ಗೊತ್ತಿರಲಿಲ್ಲ.

ಸಮತೋಲದ ಜಾಗ ಅಂತ ಒಂದಿದೆ. ಅದು ನಾವು ಹೆದರಿ ಕೈಬಿಡುವ ಜಾಗಕ್ಕಿಂತ ಬಹಳ ಮೇಲಿದೆ. ಅಲ್ಲಿಗೆ ತಲುಪಿದರೆ ಬೈಕನ್ನು ಎತ್ತಿಹಿಡಿಯಲು ವೇಗ ಹೆಚ್ಚಿಸುತ್ತಲೇ ಇರಬೇಕಿಲ್ಲ. ಹ್ಯಾಂಡಲಿನ ತೂಕವೇ ಇಲ್ಲದಾಗುತ್ತದೆ, ಚೂರು ಆಕ್ಸಿಲರೇಟರ್, ಚೂರು ಬ್ರೇಕ್, ಸೊಂಟದಲ್ಲಿ ಚೂರು ಆಚೆ ಈಚೆ, ಅಷ್ಟೇ. ಜಪಾನಿನ ಯಾಸುಯುಕಿ ಕುಡೊ 1991ರಲ್ಲಿ ಹೋಂಡಾ ಬೈಕಿನ ಮುಂದಿನ ಚಕ್ರ ಎತ್ತಿಕೊಂಡು 331 ಕಿಲೋಮೀಟರ್ ಹೋದದ್ದು ಹೀಗೆ. ಮೂಡಿಗೆರೆಯಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬರುತ್ತ ಕುಣಿಗಲ್ ದಾಟುವಷ್ಟು ದೂರ. ಅದಕ್ಕೆ ಮುಂಚೆ 1984ರಲ್ಲಿ ಅಮೆರಿಕದ ಡಗ್ ಡೊಮೊಕೋಸ್ ಟಾಲಡೇಗಾದ ರೇಸ್ ಟ್ರ್ಯಾಕಿನಲ್ಲಿ 145 ಮೈಲಿ ಸುತ್ತಿದ್ದ; ಪೆಟ್ರೋಲ್ ಮುಗಿದದ್ದಕ್ಕೆ ಇಳಿಸಿದನಂತೆ. ಇವೆಲ್ಲ ಅಣ್ಣನ ಮಗನ ಬಾಯಿಪಾಠ. ಅವನ ಅಮ್ಮ ಗೊಣಗಿದರೆ, ಡಕಾರ್ ರ‍್ಯಾಲಿಯನ್ನು ಮೊದಲು ಮುಗಿಸಿದ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ, ಎಂದು ಇತಿಹಾಸ ತೆಗೆಯುತ್ತಾನೆ. ಅವಳು "ಅವ್ರಮ್ಮನ್ನ ಕೇಳ್ಬೇಕು" ಎಂದು ಒಳಗೆ ಹೋಗುತ್ತಾಳೆ. ಅಷ್ಟು ಗಂಟೆ ಕತ್ತು ಸೆಟೆಸಿಕೊಂಡು ಕೂತ ಕುಡೊ ಮರುದಿನ ಹೇಗೆ ಎದ್ದನೆಂಬುದು ನನ್ನ ಚಿಂತೆ.

ಹಿಂದಕ್ಕೆ ಬೀಳುವುದೂ ಪಾಠದ ಒಂದು ಅಧ್ಯಾಯ. ಹೆದರಿದ ಕೈ ಹ್ಯಾಂಡಲನ್ನು ಬಿಗಿಹಿಡಿಯುತ್ತದೆ. ಮೈ ಹಿಂದಕ್ಕೆ ಜೋಲಿದಂತೆ ಹಿಡಿದ ಕೈ ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸುತ್ತದೆ. ಬೈಕು ಇನ್ನಷ್ಟು ಮೇಲೆ ಹೋಗುತ್ತದೆ, ಕೈ ಇನ್ನಷ್ಟು ಬಿಗಿಯುತ್ತದೆ. ಈ ಚಕ್ರಬಡ್ಡಿಯಿಂದ ಪಾರಾಗಲು ಕಾಲು ಬ್ರೇಕ್ ಒತ್ತಬೇಕು. ಅದು ಮರೆತುಹೋದರೆ ಕೈ ಬಿಟ್ಟುಬಿಡಬೇಕು. ಸಣ್ಣ ಬೈಕಿನ ದೊಡ್ಡ ಗುಣ ಅದು: ಕೈ ಬಿಟ್ಟರೆ ನೀವು ಹಿಂದೆ ನೆಲದ ಮೇಲೆ ನಿಂತೇ ಇರುತ್ತೀರಿ. ಬೈಕು ಮಾತ್ರ ತನ್ನ ಪಾಡಿಗೆ ನಾಲ್ಕು ಮಾರು ಹೋಗಿ ಮಲಗುತ್ತದೆ. ಹೀಗೆ ನಾನು ನಿಂತಲ್ಲೇ ನಿಂತು, ಬೈಕು ಒಂಟಿಯಾಗಿ ಗೌಡರ ಕಡೆ ಹೊರಟ ಸಂಜೆ ಅವರು ಪಂಚೆ ಎತ್ತಿಕೊಂಡು ಎರಡು ಬದು ಹಾರಿದರು. ಅವರ ವಯಸ್ಸಿನಲ್ಲಿ ಅದು ವೀಲಿಂಗ್‌ಗಿಂತ ದೊಡ್ಡ ಸಾಹಸ. ಮರುದಿನ ತಾವಾಗಿಯೇ ಫೋನ್ ಮಾಡಿ ಅಪಘಾತ ವಿಮೆಯ ಮೊತ್ತ ಹೆಚ್ಚಿಸುವುದು ಹೇಗೆಂದು ಕೇಳಿದರು. ಎಷ್ಟೋ ವರ್ಷದಿಂದ ಜಗಲಿಯಲ್ಲಿ ಕೂತು ಸಾಧಿಸಲಾಗದ್ದು ಅದು. ಊರಲ್ಲಿ ಇನ್ನೂ ಕೆಲವರು ವಿಚಾರಿಸಿದರು. ಒಬ್ಬ ಅಜ್ಜಿಯಂತೂ ಗುಟ್ಟಾಗಿ, ನನ್ನ ಹೆಸರಲ್ಲಿ ತಾನೊಂದು ಪಾಲಿಸಿ ಮಾಡಿಸಬಹುದೇ ಎಂದು ಕೇಳಿದಳು.

ಕೊನೆಗೆ ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೆ ಚಕ್ರ ಇಳಿಸದೆ ಹೋದೆ. ನಮ್ಮ ಗದ್ದೆಗಳು ಕಿರಿದು ಎಂಬುದನ್ನು ನೆನಪಿಟ್ಟುಕೊಂಡು ಓದಿ. ಅಂದು ಬಲಗಾಲು ತಾನಾಗಿಯೇ ಬ್ರೇಕ್ ಒತ್ತಿತು, ನನ್ನನ್ನು ಕೇಳಲಿಲ್ಲ.

ಇದರ ನಡುವೆ ನನ್ನ ಹೆಸರಿನಲ್ಲೇ ಹೊಸ ಪಾಲಿಸಿಗೆ ಅರ್ಜಿ ತುಂಬುವುದು ಬಂತು. ಅದರಲ್ಲಿ ಒಂದು ಪ್ರಶ್ನೆ ಇರುತ್ತದೆ: ತಾವು ಪರ್ವತಾರೋಹಣ, ಸ್ಕೈ ಡೈವಿಂಗ್, ಮೋಟಾರ್ ರೇಸ್ ಮುಂತಾದ ಅಪಾಯಕರ ಹವ್ಯಾಸಗಳಲ್ಲಿ ತೊಡಗಿದ್ದೀರಾ? ಇಡೀ ತಾಲ್ಲೂಕಿಗೆ ಆ ಜಾಗದಲ್ಲಿ 'ಇಲ್ಲ' ಎಂದು ಬರೆದುಕೊಟ್ಟ ಕೈ ನನ್ನದು. ಮುಚ್ಚಿಟ್ಟರೆ ನಾಳೆ ಕ್ಲೇಮು ತಿರಸ್ಕಾರವಾಗುತ್ತದೆ ಎಂಬುದೂ ನಾನೇ ಹೇಳಿಕೊಟ್ಟದ್ದು. ಅದಕ್ಕೇ 'ಹೌದು' ಎಂದು ಬರೆದು, ವಿವರದ ಅಂಕಣದಲ್ಲಿ 'ಬೈಕಿನ ಮುಂದಿನ ಚಕ್ರ ಎತ್ತುವುದು, ಖಾಸಗಿ ಗದ್ದೆಯಲ್ಲಿ, ಸಂಜೆ ಹೊತ್ತು' ಎಂದು ಸೇರಿಸಿದೆ. ಮೇಲಿನ ಕಚೇರಿಯಿಂದ ಉತ್ತರ ಬಂದಿದೆ. ಚಕ್ರವು ನೆಲದಿಂದ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದನ್ನು ಸೆಂಟಿಮೀಟರುಗಳಲ್ಲಿ ಅಳೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಸಲ್ಲಿಸಬೇಕಂತೆ. ಭಾನುವಾರ ಗೌಡರು ಹಲಸು ಕೀಳುವ ದೋಟಿಗೆ ಟೇಪು ಕಟ್ಟಿಕೊಂಡು ಬರುತ್ತೇನೆಂದಿದ್ದಾರೆ. ಟೈರಿನ ತಳದಿಂದ ಅಳೆಯಬೇಕೋ ಆಕ್ಸಲಿನಿಂದಲೋ ಎಂದು ಕೇಳಿ ನಾನು ಕಚೇರಿಗೆ ಮರುಪತ್ರ ಹಾಕಿದ್ದೇನೆ.