ಡಾಕ್ಟರ ಕೋಕೋ ಪ್ರಸಂಗ

ಹಳೆಯ ಧಾರಾವಾಹಿಯನ್ನು ಮತ್ತೆ ನೋಡಬೇಕು ಕಣ್ರೀ. ಮೊದಲ ಸಲ ಕತೆ ಕಾಣುತ್ತದೆ, ಎರಡನೆಯ ಸಲ ಕಳ್ಳರು ಸಿಕ್ಕಿಬೀಳುತ್ತಾರೆ. ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯಲ್ಲಿ 1964ರ ಮೇ-ಜೂನ್‌ನಲ್ಲಿ ನಾಲ್ಕು ಕಂತಾಗಿ ಬಂದ ‘ದಿ ಅಜ್‌ಟೆಕ್ಸ್’ನಲ್ಲಿ ನನಗೆ ಸಿಕ್ಕಿಬಿದ್ದವರು ಸಾಕ್ಷಾತ್ ಡಾಕ್ಟರೇ.

ಕಾಲಯಾನದ ಪೆಟ್ಟಿಗೆ ಮೆಕ್ಸಿಕೋದ ಗೋರಿಯೊಂದರೊಳಗೆ ಇಳಿಯುತ್ತದೆ. ಡಾಕ್ಟರ ಜೊತೆ ಬಂದ ಇತಿಹಾಸದ ಮೇಡಂ ಬಾರ್ಬರಾ ಅಲ್ಲಿದ್ದ ಬಳೆ ತೊಟ್ಟು ಹೊರಬಂದದ್ದೇ ತಡ, ಜನ ಅವಳನ್ನು ಸತ್ತ ಅರ್ಚಕ ಯೆಟಾಕ್ಸಾನ ಮರುಹುಟ್ಟೆಂದು ಅಡ್ಡಬೀಳುತ್ತಾರೆ. ಮೇಡಂಗೆ ದೇವರ ಪಟ್ಟವೂ ಸಿಕ್ಕಮೇಲೆ ಸುಮ್ಮನಿರುವುದುಂಟೇ? ನರಬಲಿ ನಿಲ್ಲಿಸಲು ಹೊರಟಳು. ನಿಲ್ಲಿಸಿಯೂಬಿಟ್ಟಳು! ಬಲಿಯಾಗಬೇಕಿದ್ದವನು ‘ನನ್ನ ಮಾನ ಕಳೆದೆಯಲ್ಲ’ ಎಂದು ಮುನಿಸಿಕೊಂಡು ತಾನೇ ಕೆಳಗೆ ಹಾರಿ ಸತ್ತ. ಆ ಗಳಿಗೆಗೇ ಮಳೆ ಬೇರೆ ಸುರಿಯಿತು.

ಆದದ್ದು ಆದಂತೆಯೇ ಆಗಬೇಕು, ಚರಿತ್ರೆಗೆ ಕೈಹಾಕಬೇಡ ಎಂದು ಡಾಕ್ಟರು ಅವಳಿಗೆ ಪಾಠ ಹೇಳಿದ್ದೇ ಹೇಳಿದ್ದು. ಸರಿ ಸ್ವಾಮಿ. ಆದರೆ ಪೆಟ್ಟಿಗೆ ಒಳಗಿರುವಾಗಲೇ ಗೋರಿಯ ಬಾಗಿಲು ಮುಚ್ಚಿಕೊಂಡಾಗ ತಾವು ಮಾಡಿದ್ದೇನು? ಚಕ್ರದ ಬಳಕೆಯೇ ಇಲ್ಲದ ಊರಿನಲ್ಲಿ ಕುಳಿತು ಮರದ ರಾಟೆ ಕೆತ್ತಿದಿರಿ! (ಮೆಕ್ಸಿಕೋದಲ್ಲಿ ಅಜ್‌ಟೆಕ್ಕರಿಗಿಂತ ಹಳೆಯ, ಗಾಲಿಯಿದ್ದ ಮಣ್ಣಿನ ಆಟಿಕೆಗಳು ಸಿಕ್ಕಿವೆ. ಹಾಗಾಗಿ ಕತೆ ಬರೆದ ಜಾನ್ ಲೂಕರೊಟಿಯವರ ಮೇಲೂ ಒಂದು ಕಣ್ಣಿರಲಿ.)

ಇನ್ನು ಕೋಕೋ. ತೋಟದಲ್ಲಿ ಪರಿಚಯವಾದ ಕಮೆಕಾ ಎಂಬ ಮರ್ಯಾದಸ್ಥ ಹೆಂಗಸಿಗೆ ಡಾಕ್ಟರು ತಾವೇ ಕೋಕೋ ಕಾಯಿಸಿ ಕೊಡುತ್ತಾರೆ. ಅಲ್ಲಿನ ಕಟ್ಟಳೆಯಲ್ಲಿ ಅದೇ ನಿಶ್ಚಿತಾರ್ಥ! ಸುದ್ದಿ ತಿಳಿದಾಗ ಡಾಕ್ಟರ ಪಾತ್ರದ ವಿಲಿಯಂ ಹಾರ್ಟ್‌ನೆಲ್ ಮುಖ ನೋಡಬೇಕು. ಗಾಬರಿಯ ಹಿಂದೆಯೇ ಒಂದು ತುಂಟ ಖುಷಿ. ಪಿರಮಿಡ್ಡು ಪರದೆಯ ಮೇಲಿನ ಬಣ್ಣ, ಅಜ್‌ಟೆಕ್ಕರದು ಲಂಡನ್ ರಂಗಭೂಮಿಯ ಇಂಗ್ಲಿಷು. ಈ ಮುಖದ ಮುಂದೆ ಅವೆಲ್ಲ ಲೆಕ್ಕಕ್ಕಿಲ್ಲ. ರಾಟೆಗೆ ಮರ ಹೊಂದಿಸಿಕೊಟ್ಟವಳೂ ಕಮೆಕಾಳೇ. ತನ್ನನ್ನು ಬಿಟ್ಟುಹೋಗುವ ಉಪಾಯಕ್ಕೆ ತಾನೇ ನೆರವಾದವಳು ಪಾಪ. ಅವಳು ಕೊಟ್ಟ ಒಡವೆಯನ್ನು ಡಾಕ್ಟರು ಗೋರಿಯಲ್ಲೇ ಇಟ್ಟು ಹೊರಟು, ಮನಸ್ಸು ತಡೆಯದೆ ಮರಳಿ ಬಂದು ಎತ್ತಿಕೊಳ್ಳುತ್ತಾರೆ.

ಬಾರ್ಬರಾ ಸೋತಳು, ಬಲಿ ನಿಲ್ಲಲಿಲ್ಲ. ಆದರೂ ನನ್ನ ತೀರ್ಪು ಅವಳ ಕಡೆಗೇ. ಅವಳು ತಪ್ಪಿದ್ದು ನರಬಲಿ ನಿಲ್ಲಿಸಲು, ಡಾಕ್ಟರು ತಪ್ಪಿದ್ದು ಬಾಗಿಲು ತೆಗೆಯಲು.

ಇದೇ ಲೂಕರೊಟಿ ಬರೆದ ‘ಮಾರ್ಕೊ ಪೋಲೊ’ದ ಏಳೂ ಕಂತುಗಳ ಚಿತ್ರ ಕಳೆದುಹೋಗಿ ಧ್ವನಿಯಷ್ಟೇ ಉಳಿದಿದೆ. ಇದರದು ನಾಲ್ಕೂ ಉಳಿದಿವೆ. ನೋಡಿಬಿಡಿ.