ಗುರಿಮೀಮಾಂಸೆ: ಕ್ರೈಸ್ತ ಗೃಹಸ್ಥನ ಜನವರಿ ಕುರಿತು ಒಂದು ಅಪೂರ್ಣ ಸಂಶೋಧನೆ

ಡಿಸೆಂಬರ್ 31ರ ರಾತ್ರಿ ಹನ್ನೊಂದೂವರೆಗೆ ಸಭೆಯ ಬೆಂಚಿನ ಮೇಲೆ ಕೂತ ಕ್ರೈಸ್ತ ಗೃಹಸ್ಥನ ಒಳಗೆ ಒಂದು ರಾಸಾಯನಿಕ ಕ್ರಿಯೆ ನಡೆಯುತ್ತದೆ. ವಾರವಿಡೀ ತಿಂದ ಕಲ್ಕಲ, ರೋಸ್ ಕುಕ್ಕಿ, ಕೇಕು, ಬಿರಿಯಾನಿ ಒಂದು ಕಡೆ. ತೊಡೆಯ ಮೇಲೆ ಬಾಯಿ ತೆರೆದು ಮಲಗಿದ ಮಗು ಇನ್ನೊಂದು ಕಡೆ. ಬೆಂಚಿನ ಕೆಳಗೆ ಸೊಳ್ಳೆ. ಈ ಮೂರೂ ಸೇರಿ ಹನ್ನೆರಡು ಹೊಡೆಯುವ ಹೊತ್ತಿಗೆ ಹುಟ್ಟುವ ದ್ರವ್ಯಕ್ಕೆ ಹೊಸ ವರ್ಷದ ತೀರ್ಮಾನ ಎಂದು ಹೆಸರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಟ್ಟರೆ ಆವಿಯಾಗುತ್ತದೆ. ಆವಿಯಾಗಲು ಎಷ್ಟು ದಿನ ಬೇಕು ಎಂಬುದೇ ಪ್ರಕೃತ ಪ್ರಬಂಧದ ವಿಷಯ. ಪ್ರಯೋಗಶಾಲೆ: ಮೈಸೂರಿನಲ್ಲಿರುವ ನಮ್ಮ ಬಾಡಿಗೆ ಮನೆ. ಪ್ರಯೋಗದ ಪ್ರಾಣಿ: ಪ್ರಬಂಧಕಾರ. ಮೇಲ್ವಿಚಾರಕರು: ಹೆಂಡತಿ, ಅವರು ಈ ಹುದ್ದೆಗೆ ಅರ್ಜಿ ಹಾಕಿರಲಿಲ್ಲ.

ಮೊದಲು ಪರಿಭಾಷೆ. ಈ ವಸ್ತುವನ್ನು 'ಸಂಕಲ್ಪ' ಎನ್ನಲು ನಮ್ಮ ಸಭೆಯವರು ಹಿಂಜರಿಯುತ್ತಾರೆ. ಸಂಕಲ್ಪವೆಂದರೆ ಕೈಯಲ್ಲಿ ಅಕ್ಷತೆ ಇರಬೇಕು, ಪಕ್ಕದಲ್ಲಿ ಪುರೋಹಿತರಿರಬೇಕು. 'ಪ್ರತಿಜ್ಞೆ' ಅಪಾಯದ ಮಾತು: ಭೀಷ್ಮನ ಗತಿ ಗೊತ್ತೇ ಇದೆ; ನ್ಯಾಯಸ್ಥಾಪಕರು ಗ್ರಂಥದ ಯೆಪ್ತಾಹ ಹರಕೆ ಹೊತ್ತು ಮಗಳನ್ನೇ ಕಳೆದುಕೊಂಡ. 'ತೀರ್ಮಾನ'ಕ್ಕೆ ಪಂಚಾಯಿತಿ ಕಟ್ಟೆಯ ವಾಸನೆಯಿದೆ, ಆದರೂ ನಡೆಯುತ್ತದೆ. ಈಚೆಗೆ ಯುವಜನರ ಕೂಟದಿಂದ ಬಂದು ಮನೆಮಾಡಿರುವ ಪದ 'ಗುರಿ'.

ಈ ಗುರಿಯಲ್ಲಿ ಒಂದು ಶಾಸ್ತ್ರೀಯ ತೊಡಕಿದೆ. ಹೊಸ ಒಡಂಬಡಿಕೆ ಪಾಪಕ್ಕೆ ಬಳಸುವ ಗ್ರೀಕ್ ಪದ 'ಹಮಾರ್ತಿಯ'. ಅದರ ಬೇರಿನ ಅರ್ಥ ಗುರಿ ತಪ್ಪುವುದು. ಹೀಬ್ರೂವಿನಲ್ಲೂ ಹಾಗೆಯೇ. ನ್ಯಾಯಸ್ಥಾಪಕರು 20ರಲ್ಲಿ ಬೆನ್ಯಾಮೀನ್ ಕುಲದ 700 ಮಂದಿ ಎಡಚರು ಬರುತ್ತಾರೆ. ಕವಣೆ ಬೀಸಿದರೆ ಕೂದಲೆಳೆಗೂ ಗುರಿ ತಪ್ಪದವರು. ಅಲ್ಲಿ 'ತಪ್ಪು' ಎಂಬುದಕ್ಕೆ ಬಂದಿರುವ ಕ್ರಿಯಾಪದವೇ ಬೇರೆ ಕಡೆ 'ಪಾಪ ಮಾಡು' ಎಂದಾಗುತ್ತದೆ. ಇದರಿಂದ ನಿಷ್ಪನ್ನವಾಗುವ ಸೂತ್ರ ಇಷ್ಟು: ಗುರಿಯಿಲ್ಲದವನು ಗುರಿ ತಪ್ಪಲಾರ. ಡಿಸೆಂಬರ್ 31ರವರೆಗೆ ಬೆಳಗ್ಗೆ ಏಳಕ್ಕೆ ಏಳುತ್ತಿದ್ದ ನಿರಪರಾಧಿ, ಐದಕ್ಕೆ ಎದ್ದು ಪ್ರಾರ್ಥಿಸುತ್ತೇನೆಂದು ಬರೆದುಕೊಂಡ ಮರುದಿನವೇ ಅದೇ ಏಳು ಗಂಟೆಗೆ ಅಪರಾಧಿಯಾಗಿ ಏಳುತ್ತಾನೆ. ಬದಲಾದದ್ದು ಡೈರಿಯ ಒಂದು ಪುಟ ಮಾತ್ರ. ಅಂದಹಾಗೆ, ಒಬ್ಬರೂ ಗುರಿ ತಪ್ಪದ ಆ ಬೆನ್ಯಾಮೀನರು ಯುದ್ಧದಲ್ಲಿ ಸೋತರು. ಕೊನೆಗೆ ಬಂಡೆಯ ಮರೆಗೆ ಓಡಿ ಉಳಿದುಕೊಂಡವರು 600 ಗಂಡಸರು. ಗುರಿ ಮುಟ್ಟುವುದರಿಂದ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಇತಿಹಾಸವನ್ನು ಬೇಗ ಮುಗಿಸೋಣ. ಅಮೆರಿಕದ ಜೋನಾಥನ್ ಎಡ್ವರ್ಡ್ಸ್ 1722-23ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, 70 ತೀರ್ಮಾನಗಳನ್ನು ಬರೆದು, ವಾರಕ್ಕೊಮ್ಮೆ ಎಲ್ಲವನ್ನೂ ಓದಿಕೊಳ್ಳಬೇಕೆಂದು ಮೇಲೆ ಒಂದು ಸೂಚನೆ ಹಾಕಿಕೊಂಡ. ಎಪ್ಪತ್ತರಲ್ಲಿ ಒಂದಾದರೂ ತೂಕ ಇಳಿಸುವುದರ ಬಗ್ಗೆ ಇಲ್ಲ, ಆಗಿನ ಊಟ ಹೇಗಿತ್ತೋ. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ 1740ರ ದಶಕದಲ್ಲಿ ರಾತ್ರಿ ಜಾಗರಣೆಯ ಆರಾಧನೆ ಆರಂಭಿಸಿದ. ಶನಿವಾರ ರಾತ್ರಿ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರು ಅದೇ ರಾತ್ರಿಗಳನ್ನು ಪ್ರಾರ್ಥನೆಯಲ್ಲಿ ಕಳೆಯತೊಡಗಿದ್ದರು; ಅಲ್ಲಿಂದ ಅದು ಹಬ್ಬಿತು. ಹುಣ್ಣಿಮೆಯ ಆಸುಪಾಸಿನಲ್ಲೇ ಜಾಗರಣೆ ಇಡುತ್ತಿದ್ದರು, ಜನ ಬೆಳದಿಂಗಳಲ್ಲಿ ಮನೆ ಸೇರಲಿ ಎಂದು. ಆರಾಧನೆ ಮುಗಿಸಿ ನಡುರಾತ್ರಿ ಆಟೋದವನ ಜೊತೆ ಡಬಲ್ ಮೀಟರಿನ ಚೌಕಾಸಿಗಿಳಿದಾಗಲೆಲ್ಲ ನಾನು ವೆಸ್ಲಿಯ ದೂರದೃಷ್ಟಿಯನ್ನು ನೆನೆಯುತ್ತೇನೆ. 1755ರಲ್ಲಿ ಅವನು ಒಡಂಬಡಿಕೆಯ ಆರಾಧನೆಯನ್ನೂ ನಡೆಸಿದ, ಅದೂ ಆಗಸ್ಟಿನಲ್ಲಿ. ಆಮೇಲೆ ಅದು ಹೊಸ ವರ್ಷಕ್ಕೆ ಬಂದು ಅಂಟಿಕೊಂಡಿತು. ಮೈಸೂರು ಸೀಮೆಗೆ ಬಂದದ್ದು ವೆಸ್ಲಿಯನ್ ಮಿಷನ್ನು, 1947ರಲ್ಲಿ ಅದು ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಯಿತು. ಹೀಗಾಗಿ ಲಂಡನ್ನಿನ ಆ ಆಗಸ್ಟ್ ಸಂಜೆಯ ಬಡ್ಡಿಯನ್ನು ಜನವರಿಯ ಮೊದಲ ಭಾನುವಾರ ನಾವು ಕಟ್ಟುತ್ತಿದ್ದೇವೆ.

ಇಲ್ಲಿ ಕಾಲಗಣನೆಯ ಸಮಸ್ಯೆ ಬರುತ್ತದೆ. ಸಭೆಯ ಪಂಚಾಂಗದ ಪ್ರಕಾರ ವರ್ಷ ಶುರುವಾಗುವುದು ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೆಯ ಭಾನುವಾರ. ಆಗ ಕೇಕಿಗೆ ದ್ರಾಕ್ಷಿ ನೆನೆಹಾಕುವ ಗಡಿಬಿಡಿ, ಯಾರಿಗೂ ಪುರುಸೊತ್ತಿಲ್ಲ. ಜನವರಿ ಒಂದು ತಪ್ಪಿದರೆ ಬೂದಿ ಬುಧವಾರದಿಂದ ನಲವತ್ತು ದಿನದ ಶ್ರಮೆಯ ಕಾಲವಿದೆ. ಅದೂ ಜಾರಿದರೆ ಪಕ್ಕದ ಮನೆಯಿಂದ ಯುಗಾದಿಯ ಬೇವು ಬೆಲ್ಲ ಬರುತ್ತದೆ, ಅದನ್ನು ಬಾಯಿಗೆ ಹಾಕಿಕೊಂಡು ಇನ್ನೊಮ್ಮೆ ಮನಸ್ಸು ಗಟ್ಟಿ ಮಾಡಬಹುದು. ಆಮೇಲೆ ಏಪ್ರಿಲ್ ಒಂದು, ಹಣಕಾಸು ವರ್ಷ. ದಶಮಾಂಶದ ಲೆಕ್ಕ ಸರಿಮಾಡಲು ಪ್ರಶಸ್ತ. ಕನ್ನಡ ಕ್ರೈಸ್ತನಷ್ಟು ಹೊಸ ವರ್ಷಗಳ ಅನುಕೂಲ ಇನ್ನಾರಿಗೂ ಇಲ್ಲ. ಹಳಸಿದ ತೀರ್ಮಾನಗಳ ದಾಸ್ತಾನೂ ಅಷ್ಟೇ ದೊಡ್ಡದು.

ಈಗ ಕ್ಷೇತ್ರಕಾರ್ಯ. ಎಲ್ಲ ಪಟ್ಟಿಗಳಲ್ಲೂ ಮೊದಲು ಬರುವ ಗುರಿ 'ಈ ವರ್ಷ ಬೈಬಲನ್ನು ಆದಿಯಿಂದ ಅಂತ್ಯದವರೆಗೆ ಓದುವುದು'. 66 ಪುಸ್ತಕ, 1189 ಅಧ್ಯಾಯ. ವಾರದ ದಿನಗಳಲ್ಲಿ ಮೂರು, ಭಾನುವಾರ ಐದು ಓದಿದರೆ ವರ್ಷದೊಳಗೆ ಮುಗಿದು ಸ್ವಲ್ಪ ಮಿಗುತ್ತದೆ. ಕಾಗದದ ಮೇಲೆ ಇದರಷ್ಟು ಸುಲಭದ ಕೆಲಸವಿಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಷೇನ್ ತನ್ನ ಸಭೆಗೆಂದು 1842ರ ಕೊನೆಯಲ್ಲಿ ದಿನಕ್ಕೆ ನಾಲ್ಕು ಅಧ್ಯಾಯದ ಒಂದು ಪಟ್ಟಿ ಮಾಡಿದ. ಇಂದಿಗೂ ಅದು ಚಲಾವಣೆಯಲ್ಲಿದೆ. ಈ ಪದ್ಧತಿ ಬರೀ ಒಣ ಶಿಷ್ಟಾಚಾರವಾಗಬಹುದು, ಓದಿದವನಿಗೆ ಜಂಬ ಬರಬಹುದು, ಕೆಲವರಿಗೆ ಹೆಗಲು ಮುರಿಯುವ ನೊಗವಾಗಬಹುದು ಎಂದೂ ಅವನೇ ಮೊದಲೇ ಎಚ್ಚರಿಸಿದ್ದ. ಮರುವರ್ಷದ ಮಾರ್ಚಿನಲ್ಲಿ, ಮೂವತ್ತು ತುಂಬುವ ಮುಂಚೆಯೇ ತೀರಿಕೊಂಡ. ವರ್ಷದ ಪಟ್ಟಿ ಅರ್ಧಕ್ಕೆ ನಿಲ್ಲಲು ನನಗೆ ತಿಳಿದ ಏಕೈಕ ಒಪ್ಪತಕ್ಕ ಕಾರಣ ಅದು.

ನಮ್ಮ ಮನೆಯ ಬೈಬಲ್ಲಿನ ಉತ್ಖನನವನ್ನು ನಾನು ಜನವರಿ ಮೂರನೆಯ ವಾರ ಕೈಗೊಂಡೆ. ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನಿಗೆ ಸೆಲ್ಲೋಟೇಪು. ಮುಚ್ಚಿದ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚು ನೋಡಿದರೆ ಭೂಸ್ತರಗಳು ಕಾಣುತ್ತವೆ. ಆದಿಕಾಂಡ ಪೂರ್ತಿ ಹೆಬ್ಬೆರಳಿನ ಎಣ್ಣೆಯಿಂದ ಕಂದು. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೂ ಅದೇ ಬಣ್ಣ. ಗುಡಾರದ ಅಳತೆ, ಪರದೆಯ ಕೊಳಿಕೆಗಳ ಲೆಕ್ಕ ಶುರುವಾದ ಕಡೆ ತೆಳುವಾಗುತ್ತದೆ. ಯಾಜಕಕಾಂಡದ ಹದಿಮೂರನೆಯ ಅಧ್ಯಾಯದಲ್ಲಿ ಕಂದು ನಿಂತುಹೋಗುತ್ತದೆ. ಗುರುತಿನ ರಿಬ್ಬನ್ನೂ ಅಲ್ಲೇ ಇದೆ. ಎಷ್ಟು ವರ್ಷದಿಂದ ಇದೆಯೆಂದರೆ ತೆಗೆದರೂ ಪುಟದ ಮೇಲೆ ಅದರ ಆಕಾರ ಉಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಅಂಗಡಿಯಿಂದ ತಂದ ದಿನದ ಬಿಳುಪು. ಕೀರ್ತನೆಗಳಲ್ಲಿ ಮತ್ತೆ ದಟ್ಟ ಕಂದು, ಅದೂ 119ನೆಯದನ್ನು ಬಿಟ್ಟು. ಅದಕ್ಕೆ 176 ವಚನ; 117ಕ್ಕೆ ಎರಡೇ, ಆದ್ದರಿಂದ ಅದು ಅತಿ ಕೊಳೆ. ಸುವಾರ್ತೆಗಳು ಮಧ್ಯಮ. ಪ್ರಕಟನೆಯ ಕೊನೆಯ ಪುಟಕ್ಕೆ ಒಂದು ಬೆರಳ ಗುರುತು: ಕಡೆಗೆ ಏನಾಯಿತೆಂದು ಯಾರೋ ನೋಡಿದ್ದಾರೆ.

ಉತ್ಖನನದಲ್ಲಿ ಸಿಕ್ಕ ವಸ್ತುಗಳು: ಗರಿಗಳ ಭಾನುವಾರದ ಒಣಗಿದ ಗರಿಯ ಶಿಲುಬೆ ಒಂದು, ಕಟ್ಟಿದ ಕರೆಂಟ್ ಬಿಲ್ಲು ಒಂದು, ಕಟ್ಟದ ಬಿಲ್ಲು ಒಂದು, ಒಂದೇ ವರ್ಷದ ವಾಗ್ದಾನದ ಕಾರ್ಡು ಎರಡು. ಕೊನೆಯದಕ್ಕೆ ವಿವರಣೆ ಬೇಕು. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಬುಟ್ಟಿಯಿಂದ ಒಬ್ಬೊಬ್ಬರೂ ಒಂದು ವಚನದ ಕಾರ್ಡು ಎತ್ತಬೇಕು, ಅದು ಆ ವರ್ಷಕ್ಕೆ ನಮಗೆ ಬಂದ ಮಾತು. ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದೂ ಚೀಟಿಯಿಂದಲೇ, ಅಪೊಸ್ತಲರ ಕೃತ್ಯಗಳು ಒಂದನೆಯ ಅಧ್ಯಾಯ, ಸಂಪ್ರದಾಯಕ್ಕೆ ಆಧಾರವುಂಟು. ಆದರೆ ನಮ್ಮ ದೊಡ್ಡಮ್ಮ ಎತ್ತಿದ ಕಾರ್ಡಿನಲ್ಲಿ ತಾಳ್ಮೆಯ ಬಗ್ಗೆ ಬಂತು. ಅವರು ಅದನ್ನು ನನ್ನ ಜೇಬಿಗೆ ತುರುಕಿ, "ಇದು ನಿನ್ಗೆ ಕಣಪ್ಪ, ನನ್ ಕೈಗೆ ತಪ್ಪಿ ಬಂತು" ಎಂದು ಇನ್ನೊಂದು ಎತ್ತಿಕೊಂಡರು. ಮತ್ತೀಯನ ವಿಷಯದಲ್ಲಿ ಎರಡನೆಯ ಸಲ ಚೀಟಿ ಹಾಕಿದ ದಾಖಲೆಯಿಲ್ಲ.

ಈ ಸಲ ನಾನು ಯಾಜಕಕಾಂಡವನ್ನು ದಾಟಿದೆ ಎಂದು ದಾಖಲಿಸಲು ಹೆಮ್ಮೆಪಡುತ್ತೇನೆ. ಮೂರು ಚಿಲ್ಲರೆ ಅಧ್ಯಾಯದ ಲೆಕ್ಕದಲ್ಲಿ ಅದು ಎದುರಾಗುವುದು ಜನವರಿ 28ಕ್ಕೆ. ಜಂಬದಿಂದ ಮೂರು ದಿನ ಮುಂಚೆಯೇ ತಲುಪಿ, ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದಿದೆ. ಹದಿಮೂರರಲ್ಲಿ ಚರ್ಮದ ಮಚ್ಚೆ, ಬಟ್ಟೆಯ ಬೂಷ್ಟು. ಹದಿನಾಲ್ಕರಲ್ಲಿ ಮನೆಯ ಗೋಡೆಗೆ ಹಸುರೋ ಕೆಂಪೋ ಕಲೆ ಬಂದರೆ ಯಾಜಕನಿಗೆ ಹೇಳಿಕಳಿಸಬೇಕು, ಅವನು ಬಂದು ನೋಡಿ ಏಳು ದಿನ ಮನೆ ಮುಚ್ಚಿಸಿ, ಏಳನೆಯ ದಿನ ಮತ್ತೆ ಬಂದು ನೋಡಬೇಕು. ಹೆಂಡತಿ ಕಣ್ಣು ತೆರೆದರು.

"ಏನಂದ್ರಿ? ಏಳನೇ ದಿನಕ್ಕೆ ವಾಪಸ್ ಬರ್ತಾನಾ?"

"ಹೂಂ, ಹಾಗೇ ಇದೆ."

"ನಮ್ ಬಚ್ಚಲು ಗೋಡೆ ನೋಡೋಕೆ ಓನರ್‌ಗೆ ಹೇಳಿ ಎರಡು ತಿಂಗಳಾಯ್ತು ಕಣ್ರೀ. ಇನ್ನೊಂದ್ಸಲ ಓದಿ, ಎಷ್ಟು ಕಲ್ಲು ಕೀಳಿಸ್ತಾನೆ ನೋಡೋಣ."

ಶತಮಾನಗಳ ವ್ಯಾಖ್ಯಾನಕಾರರಿಗೆ ಒಲಿಯದ ಆ ಅಧ್ಯಾಯ ನಮ್ಮ ಮನೆಯಲ್ಲಿ ಎರಡು ಸಲ ಓದಿಸಿಕೊಂಡಿತು.

ಇನ್ನು ಸಿದ್ಧಾಂತ ಭಾಗ. ಗುರಿ ಇಡುವುದೇ ಸರಿಯೇ? ಪೂರ್ವಪಕ್ಷಕ್ಕೆ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯ: ಇಂಥ ಊರಿಗೆ ಹೋಗಿ ಒಂದು ವರ್ಷವಿದ್ದು ವ್ಯಾಪಾರ ಮಾಡುತ್ತೇವೆ ಎನ್ನುವವರಿಗೆ ನಾಳೆಯ ಸಂಗತಿಯೇ ತಿಳಿಯದು ಎಂಬ ಗದರಿಕೆ. ಉತ್ತರಪಕ್ಷಕ್ಕೆ ಲೂಕ ಹದಿನಾಲ್ಕು: ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಡವೇ? ಈ ಜಗಳವನ್ನು ನಮ್ಮ ಜನ ಯಾವಾಗಲೋ ಬಗೆಹರಿಸಿಕೊಂಡಿದ್ದಾರೆ. ಗೋಪುರಕ್ಕೆ ಲೂಕನ ಲೆಕ್ಕ, ಗೋಪುರ ನಿಂತುಹೋದಾಗ ಯಾಕೋಬನ 'ದೇವರ ಚಿತ್ತವಾದರೆ'. ಈ ಎರಡು ಪದಗಳನ್ನು ತೀರ್ಮಾನದ ಹಿಂದೆ ಅಂಟಿಸಿದರೆ ಜವಾಬ್ದಾರಿ ಮೇಲಕ್ಕೆ ವರ್ಗಾವಣೆಯಾಗುತ್ತದೆ. 'ದೇವರ ಚಿತ್ತವಾದರೆ ನಾಳೆ ಐದಕ್ಕೆ ಏಳುತ್ತೇನೆ' ಎಂದು ಮಲಗಿದವನು ಏಳಕ್ಕೆ ಎದ್ದರೆ ತಪ್ಪು ಯಾರದ್ದು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇದುವರೆಗೆ ಯಾರಿಗೂ ಬಂದಿಲ್ಲ.

ನನ್ನ ಡೈರಿಯನ್ನು ಪರಿಶೀಲಿಸಿದ ಮೇಲ್ವಿಚಾರಕರು ಇನ್ನೊಂದು ದೋಷ ಎತ್ತಿ ತೋರಿಸಿದರು. ಎಡಗಡೆ 'ವೈಯಕ್ತಿಕ' ಕಲಮಿನಲ್ಲಿ ಐದು ಕಿಲೋ, ದಿನಕ್ಕೆ ಮೂರು ಕಿಲೋಮೀಟರು, ತಿಂಗಳಿಗೆ ಎರಡು ಸಾವಿರ. ಬಲಗಡೆ 'ಆತ್ಮಿಕ' ಕಲಮಿನಲ್ಲಿ 'ಪ್ರಾರ್ಥನೆ ಹೆಚ್ಚಬೇಕು', 'ಪ್ರೀತಿಯಲ್ಲಿ ಬೆಳೆಯಬೇಕು'. "ನಿಮ್ ಹೊಟ್ಟೆಗಾದ್ರೆ ಕಿಲೋ ಲೆಕ್ಕ, ದೇವ್ರಿಗಾದ್ರೆ ಸುಮಾರಾಗಿ. ಚೆನ್ನಾಗಿದೆ." ಆಕ್ಷೇಪ ನ್ಯಾಯವಾದದ್ದು. ಐದು ಕಿಲೋ ಇಳಿಯದಿದ್ದರೆ ತೂಕದ ಯಂತ್ರ ಹೇಳಿಬಿಡುತ್ತದೆ. ಪ್ರೀತಿಯಲ್ಲಿ ಬೆಳೆಯದಿದ್ದರೆ ಹೇಳಬಲ್ಲವರು ಪಕ್ಕದವರು, ಅವರನ್ನು ನಾವು ಕೇಳುವುದಿಲ್ಲ.

ಆದ್ದರಿಂದ ಮಾನಕವೊಂದನ್ನು ರೂಪಿಸಿದೆ. ಗಲಾತ್ಯದವರಿಗೆ ಬರೆದ ಪತ್ರಿಕೆ ಆತ್ಮನ ಫಲಗಳನ್ನು ಒಂಬತ್ತು ಹೆಸರಿನಲ್ಲಿ ಎಣಿಸುತ್ತದೆ. ಕನ್ನಡ ಬೈಬಲ್ಲಿನಲ್ಲಿ ನಾಲ್ಕನೆಯದರ ಹೆಸರು 'ದೀರ್ಘಶಾಂತಿ'. ಎಷ್ಟು ದೀರ್ಘ? ಯಾರೂ ಹೇಳಿಲ್ಲ. ಎದುರುಮನೆಯ ಬಾಡಿಗೆ ಹುಡುಗ ದಿನಾ ಸಂಜೆ ಆರೂಕಾಲಿಗೆ ನಮ್ಮ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸುತ್ತಾನೆ. ಸ್ಕೂಟರ್ ಕಣ್ಣಿಗೆ ಬಿದ್ದ ಕ್ಷಣದಿಂದ ನನ್ನ ಬಾಯಿ ತೆರೆಯುವ ಕ್ಷಣದವರೆಗಿನ ಅವಧಿಗೆ 'ದೀಶಾಂ' ಎಂದು ಹೆಸರಿಟ್ಟು, ಮೊಬೈಲಿನ ಗಡಿಯಾರದಲ್ಲಿ ಅಳೆಯತೊಡಗಿದೆ. ಮೊದಲ ದಿನ ನಾಲ್ಕು ಸೆಕೆಂಡು. ಒಂದು ವಾರಕ್ಕೆ ಹನ್ನೊಂದು. ಒಂದು ಸಂಜೆ ಐವತ್ತೆರಡು ತೋರಿಸಿತು; ಬಾಯಲ್ಲಿ ಬಿಸಿ ಬೋಂಡಾ ಇದ್ದದ್ದರಿಂದ ಆ ಅಂಕಿಯನ್ನು ಮೇಲ್ವಿಚಾರಕರು ತಿರಸ್ಕರಿಸಿದರು.

ಫೆಬ್ರವರಿ ಎರಡನೆಯ ವಾರದ ಮಂಗಳವಾರ. ಯಾಜಕಕಾಂಡ ಮುಗಿದಿತ್ತು, ನಡಿಗೆ ಮುಗಿದಿತ್ತು, ಮನಸ್ಸು ಹಗುರವಾಗಿತ್ತು. ಈ ದಿನ ಎರಡು ನಿಮಿಷ ದಾಟಿಸಿಯೇ ತೀರುತ್ತೇನೆ ಎಂದು ಆರು ಗಂಟೆಗೇ ಗೇಟಿನ ಹತ್ತಿರ ಮೊಬೈಲು ಹಿಡಿದು ನಿಂತೆ. ಆರೂಕಾಲಾಯಿತು. ಆರೂವರೆ. ಬೀದಿ ದೀಪ ಹತ್ತಿತು. ಹಾಲಿನವನು ಬಂದು ನನ್ನನ್ನು ಒಂದು ಥರ ನೋಡಿ ಹೋದ. ಏಳಕ್ಕೆ ಐದು ನಿಮಿಷವಿದ್ದಾಗ, ಹೇಳಿ ಕೇಳಿ ದಿನಾ ಬರುವವನು ಈವತ್ತೇ ಯಾಕೆ ಬರಲಿಲ್ಲ, ಇವನಿಗೆ ಒಂದು ಹೊತ್ತು ಗೊತ್ತು ಬೇಡವೇ ಎಂದು ನಾನು ಗಟ್ಟಿಯಾಗಿ ಬೈದದ್ದು ಅಡುಗೆಮನೆಗೆ ಕೇಳಿಸಿತಂತೆ.

"ಯಾರಿಗ್ರೀ ಬೈತಿರೋದು? ಅಲ್ಲಿ ಯಾರೂ ಇಲ್ವಲ್ಲ!"

ಐವತ್ತೈದು ನಿಮಿಷ. ಇದುವರೆಗಿನ ದಾಖಲೆ. ಇದನ್ನು ಯಾವ ಕಲಮಿಗೆ ಸೇರಿಸಬೇಕೆಂಬುದರ ಬಗ್ಗೆ ಮೇಲ್ವಿಚಾರಕರಿಗೂ ಪ್ರಬಂಧಕಾರನಿಗೂ ಇನ್ನೂ ಒಮ್ಮತ ಮೂಡಿಲ್ಲ.